ಮಧ್ಯಾಹ್ನ ಒಂದೂವರೆಯ ಅತ್ತೆ

ರಾತ್ರಿ ಎಂಟೂವರೆಗೆ ಬರುತ್ತಿದ್ದ ಹಾಸ್ಯ ಧಾರಾವಾಹಿ ಸೋಮವಾರದಿಂದ ಮಧ್ಯಾಹ್ನ ಒಂದೂವರೆಗೆ ಹೋಗುತ್ತದೆ ಎಂಬ ಸುದ್ದಿ ಮೇಕಪ್ ಕೋಣೆಯವರೆಗೂ ಬಂದಿತ್ತು. ಅದರಲ್ಲಿ ಬಾಯಿಬಡುಕಿ ಅತ್ತೆಯ ಪಾತ್ರ ಮಾಡುತ್ತಿದ್ದ ವಾರಿಜಾಕ್ಷಿಯವರಿಗೆ ಎರಡು ದಿನದಿಂದ ಅನ್ನ ಸೇರಿರಲಿಲ್ಲ. ಇದು ಕೈತಪ್ಪಿದರೆ ಈ ವಯಸ್ಸಿನಲ್ಲಿ ಇನ್ನೊಂದು ಪಾತ್ರ ಸಿಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

"ರಾತ್ರಿ ಮನೆಮಂದಿಯೆಲ್ಲ ಒಟ್ಟಿಗೆ ಕೂತಿರ್ತಾರೆ, ಒಬ್ಬರು ನಕ್ಕರೆ ಇನ್ನೊಬ್ಬರೂ ನಗ್ತಾರೆ," ಎಂದರು ನಿರ್ದೇಶಕರು. "ಮಧ್ಯಾಹ್ನ ನೋಡೋ ಹೆಂಗಸು ಒಬ್ಬಳೇ ಇರ್ತಾಳಮ್ಮ. ಒಬ್ಬಳೇ ಕೂತು ಯಾರು ನಗ್ತಾರೆ? ಚಾನೆಲ್‌ನವರಿಗೆ ಈಗ ಕಣ್ಣೀರು ಬೇಕಂತೆ."

"ನನಗೆ ಅಳೋದಕ್ಕೂ ಬರುತ್ತಪ್ಪ. ನಾಟಕ ಕಂಪನೀಲಿ ಹತ್ತು ವರ್ಷ ಅತ್ತಿದೀನಿ."

"ನೀವು ಅಳೋದೇ ಬೇಡ. ನಿಮ್ಮನ್ನ ಬಿಟ್ಟು ಸೀರಿಯಲ್ ಎಲ್ಲಿದೆ? ದಿನಾ ಒಂದು ಸೀನಾದ್ರೂ ನಿಮ್ಮದೇ."

"ಡೈಲಾಗು?"

"ಮಗ, ಸೊಸೆ ಎಲ್ಲ ಕಷ್ಟಸುಖ ನಿಮ್ಮ ಮುಂದೇನೇ ಬಂದು ಹೇಳ್ಕೊಳ್ತಾರೆ. ನೀವು ಸುಮ್ನೆ ನಗ್ತಾ ಇದ್ರೆ ಸಾಕು."

ವಾರಿಜಾಕ್ಷಿಯವರಿಗೆ ಹೋದ ಜೀವ ಬಂದಂತಾಯಿತು. ಹೊಸ ಕಂತುಗಳಿಗೆ ಒಂದು ಫೋಟೊ ಬೇಕೆಂದಾಗ ಅವರು ಕುಂಕುಮ ತಿದ್ದಿಕೊಂಡು, ಸೆರಗು ಸರಿಮಾಡಿಕೊಂಡು, ದೀಪಗಳ ಮುಂದೆ ಕುಳಿತು ಮನಸಾರೆ ನಕ್ಕರು.

ಫೋಟೊ ತೆಗೆದವನು ಅದನ್ನೊಮ್ಮೆ ನೋಡಿ, ಸೆಟ್ಟಿನ ಸಾಮಾನು ನೋಡಿಕೊಳ್ಳುವ ಹೆಂಗಸಿಗೆ ಹೇಳಿದ: "ಮುಖ ಚೆನ್ನಾಗಿ ಬಂದಿದೆ ಅಕ್ಕ, ಫ್ರೇಮಿಗೆ ಹಾಕೋ ಗಂಧದ ಹಾರ ಸ್ವಲ್ಪ ಸಣ್ಣದೇ ತನ್ನಿ, ನಗು ಮುಚ್ಚಿಹೋಗಬಾರದು."