ಅಡಿವೆಪ್ಪ ಇಲ್ಲದೆ ಆಗುವುದಿಲ್ಲ

ಹೋದ ಸೋಮವಾರ ಬೆಳಿಗ್ಗೆ... ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಳ್ಳುತ್ತಿದ್ದೆ. ಫೋನ್ ಬಂತು.

"ಸಾಹೇಬ್ರ, ಅಡಿವೆಪ್ಪಣ್ಣ ತೀರಿಕೊಂಡ್ರು..." ಎಂದ ಮಹಾಂತೇಶ. ನಾನು ನಿವೃತ್ತನಾದ ಸಕ್ಕರೆ ಕಾರ್ಖಾನೆಯಲ್ಲಿ ಅವನು ಈಗ ಸೂಪರ್‌ವೈಸರ್.

ಡ್ಯೂಟಿಗೆ ಹೊರಡಲು ಅಂಗಿ ತೊಡುತ್ತಿದ್ದನಂತೆ. ಹಾಗೇ ಕುಳಿತನಂತೆ. ಅಷ್ಟೇ...

ಹೇಳಲು ನಾಚಿಕೆಯಾಗುತ್ತದೆ. ಆಗ ನನ್ನ ಬಾಯಿಂದ ಬಂದ ಮೊದಲ ಮಾತು, "ಸಕ್ಕರಿ ಪ್ಯಾನ್ ಯಾರು ನೋಡಾಕತ್ತಾರ?"

"ಪರಸಪ್ಪ ನಿಂತಾನ್ರಿ. ಅಣ್ಣನ ಕೈಯಾಗ ಕಲ್ತಾಂವ. ಶಿಫ್ಟ್ ತಪ್ಪಿಲ್ರಿ."

ನಾನು ಆ ಕಾರ್ಖಾನೆಯಲ್ಲಿ ಚೀಫ್ ಕೆಮಿಸ್ಟ್ ಆಗಿದ್ದೆ. ಅಡಿವೆಪ್ಪ ನನ್ನ ಕೈಕೆಳಗೆ, ವರ್ಷಕ್ಕೊಂದು ಕಬ್ಬಿನ ಹಂಗಾಮಿನಂತೆ, ಇಪ್ಪತ್ತೆರಡು ಹಂಗಾಮು ದುಡಿದವನು.

ಕಬ್ಬಿನ ರಸ ಕುದ್ದು ಸಕ್ಕರೆ ಕಾಳುಗಟ್ಟುವ ದೊಡ್ಡ ಪಾತ್ರೆಗೆ ಪ್ಯಾನ್ ಎನ್ನುತ್ತಾರೆ. ಅದಿರುವುದು ಕಾರ್ಖಾನೆಯ ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ. ಐವತ್ತೆಂಟು ಕಬ್ಬಿಣದ ಮೆಟ್ಟಿಲು ಹತ್ತಬೇಕು. ಹತ್ತಿದ ಮೇಲೆ ಎಂಟು ತಾಸು ಉಗಿ, ಸೆಕೆ.

ಪ್ಯಾನಿನಿಂದ ಒಂದು ಹನಿ ತೆಗೆದು ಗಾಜಿನ ತುಂಡಿನ ಮೇಲೆ ಹಾಕಿ, ಕಾಳು ಹದಕ್ಕೆ ಬಂದಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು ಅವನ ಕೆಲಸ. ಸ್ವಲ್ಪ ಆಚೀಚೆಯಾದರೂ ಇಡೀ ಪ್ಯಾನ್ ಕೆಟ್ಟಿತು.

ನನ್ನ ಲ್ಯಾಬಿನ ಮೀಟರುಗಳು ಆಯಿತು ಎಂದರೂ ಅವನು ಬಿಡುತ್ತಿರಲಿಲ್ಲ. "ಇನ್ನೊಂದೀಟು ತಡೀರಿ ಸಾಹೇಬ್ರ, ಕಾಳು ಇನ್ನೂ ಕೂಸು ಐತಿ" ಎನ್ನುತ್ತಿದ್ದ. ಅವನ ಮಾತೇ ನಿಜವಾಗುತ್ತಿತ್ತು.

ಏಳನೆಯ ಹಂಗಾಮಿನಲ್ಲಿ ಒಮ್ಮೆ ನನ್ನ ಕ್ಯಾಬಿನ್ನಿಗೆ ಬಂದ.

"ಸಾಹೇಬ್ರ, ಕೆಳಗ ಸೂಪರ್‌ವೈಸರ್ ಜಾಗ ಖಾಲಿ ಆಗೈತಂತ. ನನ್ನ ಹೆಸರು ಕಳಸ್ರಿ. ಮೊಳಕಾಲು ನನ್ನ ಮಾತು ಕೇಳವಲ್ವು."

"ನೀ ಕೆಳಗ ಬಂದ್ರ ಮ್ಯಾಲ ಯಾರಪಾ? ನಾ ನಿಂತು ನೋಡ್ಲೇನು?"

"ನೀವು ನಿಂತ್ರ ಸಕ್ಕರಿ ಅಲ್ರಿ, ಬೆಲ್ಲ ಬರತೈತಿ."

ಇಬ್ಬರೂ ನಕ್ಕೆವು. ಅವನು ಎದ್ದು ಮೇಲೆ ಹೋದ. ಮಾತು ಅಲ್ಲಿಗೇ ಮುಗಿಯಿತು.

ಆಮೇಲೆ ಇನ್ನೂ ಎರಡು ಸಲ ಕೇಳಿದ. ಎರಡು ಸಲವೂ ನಾನು ಹೀಗೆಯೇ ನಗಿಸಿ ಕಳಿಸಿದೆ. ಆ ಜಾಗ ಬೇರೆಯವರಿಗೆ ಹೋಯಿತು. ಕೊನೆಗೆ, ಅವನೇ ಕೆಲಸ ಕಲಿಸಿದ ಮಹಾಂತೇಶನಿಗೆ ಹೋಯಿತು.

ಪ್ರತಿ ವರ್ಷ ಹಂಗಾಮು ಮುಗಿದಾಗ ಎಲ್ಲರ ಬಗ್ಗೆ ರಿಪೋರ್ಟ್ ಬರೆಯುವುದು ನನ್ನ ಜವಾಬ್ದಾರಿ. ಅಡಿವೆಪ್ಪನ ಹಾಳೆಯ ಮೇಲೆ ಪ್ರತಿ ವರ್ಷ ಒಂದೇ ಸಾಲು ಬರೆಯುತ್ತಿದ್ದೆ... "ಈಗಿನ ಕೆಲಸದಲ್ಲಿ ಇವರಿಲ್ಲದೆ ಆಗುವುದಿಲ್ಲ."

ಹೊಗಳುತ್ತಿದ್ದೇನೆ ಎಂದೇ ನಂಬಿದ್ದೆ. ಅದು ಗುಟ್ಟಿನ ಕಾಗದ. ಆದರೂ ಖುಷಿಪಡಲಿ ಎಂದು ಅವನಿಗೆ ಓದಿ ಹೇಳುತ್ತಿದ್ದೆ. ಅವನು ಕೈ ಮುಗಿಯುತ್ತಿದ್ದ.

ಆ ಸಾಲನ್ನು ಓದಿದ ಮೇಲೆ ಯಾವ ಮ್ಯಾನೇಜ್‌ಮೆಂಟ್ ತಾನೇ ಅವನನ್ನು ಅಲ್ಲಿಂದ ಕದಲಿಸೀತು?

ಮೂರನೆಯ ದಿನ ಅವನ ಮನೆಗೆ ಹೋದೆ. ಹೆಂಡತಿ ಕಾಶವ್ವ ಚಾಪೆ ಹಾಸಿದರು. ಮಾತು ತೆಗೆದವರು ಅವರೇ.

"ನಿಮ್ಮ ಹೆಸರು ಹೇಳದ ದಿನಾನ ಇಲ್ರಿ ಸಾಹೇಬ್ರ. ನಾ ಏನರ ಬೈದ್ರ, 'ಏ, ನಾ ಇಲ್ಲಂದ್ರ ಕಾರ್ಖಾನಿ ನಿಲ್ಲತೈತಂತ ಸಾಹೇಬ್ರು ಬರದಾರ, ನೀ ಏನ ಬೈತಿ ನನಗ' ಅಂತಿದ್ರು."

ಹೇಳುತ್ತಾ ಸ್ವಲ್ಪ ನಕ್ಕರು. ಮತ್ತೆ ಕಣ್ಣೊರೆಸಿಕೊಂಡರು.

"ಹೊಳಿ ಆಚಿ ಕಾರ್ಖಾನ್ಯಾವ್ರು ಎರಡ ಸಲ ಕರದಿದ್ರು. ಸೂಪರ್‌ವೈಸರ್ ಮಾಡ್ತೀವಿ, ಕ್ವಾರ್ಟರ್ಸ್ ಕೊಡ್ತೀವಿ ಅಂದ್ರು. 'ಸಾಹೇಬ್ರ ಕೈ ಬಿಟ್ಟು ಹೆಂಗ ಹೋಗ್ಲಿ' ಅಂತ ಇವ್ರು ಒಲ್ಲೆ ಅಂದ್ರು. ಹ್ವಾದ ವರ್ಷ ಡಾಕ್ಟ್ರು ಮೆಟ್ಲ ಹತ್ತಬ್ಯಾಡ ಅಂದಾಗೂ ಕೇಳಲಿಲ್ಲ."

ನನಗೆ ಇದೊಂದೂ ಗೊತ್ತಿರಲಿಲ್ಲ...

ಕಾಶವ್ವ ಸೆರಗು ಸರಿಮಾಡಿಕೊಂಡರು. ಆಮೇಲೆ ಕೇಳಿದರು.

"ಸಾಹೇಬ್ರ... ಕಾರ್ಖಾನಿ ನಿಂತೈತೇನ್ರಿ?"

ಈ ಬಾಯಿಂದ ಸುಳ್ಳು ಹೇಳಲಾಗಲಿಲ್ಲ. "ಇಲ್ಲವ್ವ... ನಡದೈತಿ" ಎಂದೆ.

"ಹೌದ್ರಿ?" ಎಂದು ತಲೆಯಾಡಿಸಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದ್ದು ಈಗ ತಿಳಿಯಿತು ಎಂಬಂತೆ, ಮೆಲ್ಲಗೆ ಅಂದರು.

"ಹಂಗಾರ, ಅವ್ರು ಅವಾಗ ಕೆಳಗ ಬಂದಿದ್ರೂ ನಡೀತಿತ್ತಲ್ರಿ."

ಎಪ್ಪತ್ತರ ಹತ್ತಿರ ಬಂದವನು, ಆ ಚಾಪೆಯ ಮೇಲೆ ಕುಳಿತು ಮಗುವಿನಂತೆ ಅತ್ತೆ. ಕಾಶವ್ವನೇ ನೀರು ತಂದುಕೊಟ್ಟರು.

ಪರಸಪ್ಪನಂಥ ಒಬ್ಬನನ್ನು ಅಂದೇ ತಯಾರು ಮಾಡಿಸಬಹುದಿತ್ತು. ಒಂದೆರಡು ಪ್ಯಾನ್ ಕೆಡುತ್ತಿದ್ದವು, ನಾನು ಮೇಲಿನವರಿಂದ ನಾಲ್ಕು ಮಾತು ಕೇಳಬೇಕಾಗುತ್ತಿತ್ತು. ಆ ನಾಲ್ಕು ಮಾತು ತಪ್ಪಿಸಿಕೊಳ್ಳಲು ಒಬ್ಬನ ಇಪ್ಪತ್ತೆರಡು ವರ್ಷವನ್ನು ಅಲ್ಲಿಯೇ ಕಟ್ಟಿಹಾಕಿದೆ. ಅದಕ್ಕೆ ಮೆಚ್ಚುಗೆ ಎಂದು ಹೆಸರಿಟ್ಟೆ.

ಈ ತಪ್ಪನ್ನು ತಿದ್ದಲು ನನಗೀಗ ಕುರ್ಚಿಯೂ ಇಲ್ಲ, ಅಡಿವೆಪ್ಪನೂ ಇಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ...

*ಒಬ್ಬರನ್ನು ಹೊಗಳಿ ಇದ್ದಲ್ಲೇ ಇರಿಸಿಕೊಳ್ಳುವುದು ಪ್ರೀತಿಯಲ್ಲ, ಅದು ನಮ್ಮ ಅನುಕೂಲ.*

ನಿಮ್ಮ ಕೈಕೆಳಗೆ ವರ್ಷಗಟ್ಟಲೆ ನಂಬಿ ದುಡಿಯುತ್ತಿರುವವರು ಕೊನೆಯ ಸಲ ನಿಮ್ಮಲ್ಲಿ ಏನು ಕೇಳಿದ್ದರು? ನೀವು ಏನು ಹೇಳಿ ಕಳಿಸಿದಿರಿ?

ಶಿವನೇ, ಅಡಿವೆಪ್ಪನನ್ನು ನಿನ್ನ ಪಾದದ ಹತ್ತಿರ ಕೂರಿಸಿಕೋ. ಕಾಶವ್ವನಿಗೆ ಧೈರ್ಯ ಕೊಡು. ಅವನ ಜೀವಕ್ಕೆ ನಾನು ಕೊಡದ ವಿಶ್ರಾಂತಿಯನ್ನು ನೀನು ಕೊಡು ತಂದೆ... ಶಾಂತಿ ಕೊಡು.