ಏಳನೆಯ ಸಲದ ಹಲ್ಲು

ಒಸಡಿಗೆ ಮುಲಾಮು ಹಚ್ಚಿದರೆ ತಾಸಿನೊಳಗೆ ಹಲ್ಲು ಮತ್ತೆ ಮೂಡುವ ಕಾಲವಾದ್ದರಿಂದ, ಹಲ್ಲು ಉದುರಿಸುವುದು ಈಗ ಅಪರಾಧವಲ್ಲ. ಗದಗಿನ ದಂತವೈದ್ಯೆ ವಿಮಲಾ ಎದುರು ನೀಲವ್ವ ಏಳನೆಯ ಸಲ ಬಾಯಿ ತೆರೆದಳು. ಮುಂದಿನ ಮೂರು ಹಲ್ಲು ಇರಲಿಲ್ಲ. ರಕ್ತ ಗದ್ದಕ್ಕೆ ಇಳಿದಿತ್ತು. ಗುದ್ದಿದ ಗಂಡನೇ ಎಂದಿನಂತೆ ಕರೆತಂದು ಹೊರಗೆ ಕೂತಿದ್ದ.

"ಲಗೂನ ಹಚ್ರಿ ಮೇಡಂ, ಸಂಜಿಗೆ ಮದುವಿಗೆ ಹೋಗೋದೈತಿ," ಎಂದು ಅಲ್ಲಿಂದಲೇ ಕೂಗಿದ.

ವಿಮಲಾ ಮುಲಾಮಿನ ಡಬ್ಬಿ ತೆರೆದರು. ನೀಲವ್ವ ಅವರ ಕೈ ಹಿಡಿದಳು.

"ಬ್ಯಾಡ್ರಿ ಅಕ್ಕಾರ. ಒಸಡು ಸುಟ್ಟುಬಿಡ್ರಿ. ಮತ್ತ ಹುಟ್ಟದ ಹಲ್ಲಿಗಷ್ಟ ಪೊಲೀಸ್ರು ಕೇಸ್ ಬರ್ಕೋತಾರ."

ವಿಮಲಾ ಎದ್ದು ಬಾಗಿಲ ಚಿಲಕ ಹಾಕಿ, ಲೋಹದ ಕಡ್ಡಿ ಕಾಯಿಸಿದರು. ಒಸಡಿನ ಮೊದಲ ಗುಳಿ ಚುರ್ರೆಂದಿತು.

"ಒಳಗ ಏನ್ ಸುಡಾಕತ್ತೀರಿ?" ಗಂಡ ಬಾಗಿಲು ಗುದ್ದತೊಡಗಿದ.

ನೀಲವ್ವ ಕುರ್ಚಿಯನ್ನು ಬಿಗಿಹಿಡಿದು ಬಾಯಿಯನ್ನು ಇನ್ನಷ್ಟು ಅಗಲಿಸಿದಳು.