ಶೇಷಯ್ಯನವರು ಹೇಳದ ಮಾತು

ಸತ್ತವರ ದನಿಯಲ್ಲೇ ಮಾತಾಡುವ ಪೆಟ್ಟಿಗೆಗಳನ್ನು ಮನೆಮನೆಗೆ ಪುಕ್ಕಟೆ ಹಂಚಿದ್ದ ಚಂದ್ರಚೂಡರು ಮತ್ತೆ ಚುನಾವಣೆಗೆ ನಿಂತಿದ್ದರು. ತಾವು ಗೆದ್ದರೆ ಆ ಪೆಟ್ಟಿಗೆಗಳ ಬಾಯಿ ಮುಚ್ಚಿಸುವುದಾಗಿ ಎದುರಾಳಿ ಸಾರಿದ್ದರು. ತೀರಿಹೋದ ಗಂಡ ಶೇಷಯ್ಯನವರ ದನಿಯೊಂದನ್ನೇ ನೆಚ್ಚಿಕೊಂಡಿದ್ದ ಭಾಗೀರಥಮ್ಮ, ದೇವರಿಗೆ ದೀಪ ಹಚ್ಚಿ, ಮತ ಯಾರಿಗೆಂದು ಪೆಟ್ಟಿಗೆಯನ್ನೇ ಕೇಳಿದರು.

"ಚಂದ್ರಚೂಡರಿಗೇ ಹಾಕು ಕಣೇ. ನಾನೂ ಸದಾ ಅವರಿಗೇ ಹಾಕ್ತಿದ್ದೆ," ಎಂದಿತು ಶೇಷಯ್ಯನವರ ದನಿ.

ಭಾಗೀರಥಮ್ಮ ಬೆಚ್ಚಿದರು. ಐವತ್ತು ವರ್ಷದ ಸಂಸಾರದಲ್ಲಿ ಎಷ್ಟು ಪೀಡಿಸಿದರೂ ತಮ್ಮ ಮತದ ಗುಟ್ಟು ಬಿಡದಿದ್ದ ಮನುಷ್ಯ ಅವರು.

"ಅವರೇ ಹೇಳಿದ್ಮೇಲೆ ಇನ್ನೇನಮ್ಮಾ?" ಬಾಗಿಲಲ್ಲಿ ನಿಂತಿದ್ದ ಚಂದ್ರಚೂಡರ ಕಡೆಯವನು ಹಲ್ಲು ಕಿರಿದ.

"ಬದುಕಿದ್ದಾಗ ನನಗೇ ಹೇಳದೋರು, ಸತ್ತಮೇಲೆ ನಿಮ್ಮ ಪಕ್ಷಕ್ಕೆ ಸೇರ್ಕೊಂಡ್ರೇನಪ್ಪ?"

ಮತಗಟ್ಟೆಯಲ್ಲಿ ಎದುರಾಳಿಯ ಗುಂಡಿ ಒತ್ತಿ ಬಂದವರೇ, ದನಿ ಕೇಳುತ್ತಿರುವಾಗ ಪಿಂಡ ಹೇಗಿಡುವುದೆಂದು ಎರಡು ವರ್ಷ ಮುಂದೂಡಿದ್ದ ಶ್ರಾದ್ಧಕ್ಕೆ ಪುರೋಹಿತರಿಗೆ ಹೇಳಿಕಳುಹಿಸಿದರು.